ಹಿಂದೆ ನಿಂತವಳ ಕೈ

ಒಂದು ಕ್ಯಾಂಪರ್ ವ್ಯಾನಿನ ದುಡ್ಡಿಗೆ ಎರಡು ಕ್ಯಾರವಾನ್ ಬರುತ್ತವೆ, ಮೇಲೆ ಹಾಸಿಗೆ ದಿಂಬಿಗೂ ಮಿಗುತ್ತದೆ.

ಅಷ್ಟೇ ನೋಡಿದರೆ ಕ್ಯಾರವಾನೇ ಅಗ್ಗ. ಆದರೆ ಕ್ಯಾರವಾನಿಗೆ ಎಂಜಿನ್ ಇಲ್ಲ. ಅದು ಚಕ್ರದ ಮೇಲೆ ಕೂತ ಒಂದು ಕೋಣೆ. ಎಳೆಯಲು ಗಟ್ಟಿ ಕಾರು ಬೇಕು, ಕಾರಿನ ಹಿಂದೆ ಕೊಕ್ಕೆ ಬೇಕು, ವರ್ಷದಲ್ಲಿ ಹತ್ತು ತಿಂಗಳು ಸುಮ್ಮನೆ ನಿಲ್ಲಿಸಲು ಬಾಡಿಗೆ ಜಾಗ ಬೇಕು. ಕ್ಯಾಂಪರ್ ವ್ಯಾನ್ ಹಾಗಲ್ಲ. ಹಾಸಿಗೆ, ಒಲೆ, ಸ್ಟೀರಿಂಗ್ ಎಲ್ಲವೂ ಒಂದೇ ಹೊಟ್ಟೆಯಲ್ಲಿ. ಆದರೆ ಅರ್ಧ ಲೀಟರ್ ಹಾಲು ತರಲು ಹೋದರೂ ಮನೆಯನ್ನೇ ಓಡಿಸಿಕೊಂಡು ಹೋಗಬೇಕು. ಎಂಜಿನ್ ಕೆಟ್ಟರೆ ಗಾಡಿಯ ಜೊತೆ ಮನೆಯೂ ಗ್ಯಾರೇಜಿಗೆ!

ರಜೆಯ ಗಾಡಿಗಳನ್ನು ಮಾರುವ ಆ ಯಾರ್ಡಿನಲ್ಲಿ ಎಂಟು ವರ್ಷದಿಂದ ಅವಳು ಈ ಲೆಕ್ಕವನ್ನು ದಿನಕ್ಕೆ ಹತ್ತು ಸಲ ಒಪ್ಪಿಸುತ್ತಿದ್ದಳು. ಕೊನೆಗೆ ಒಂದು ಮಾತು ತನ್ನದಾಗಿ ಸೇರಿಸುತ್ತಿದ್ದಳು.

“ಇದು ದುಡ್ಡಿನ ಲೆಕ್ಕ. ನಿಮಗೆ ರಿವರ್ಸ್ ಬರುತ್ತಾ ಅನ್ನೋದು ಬೇರೆ ಲೆಕ್ಕ.”

ಯಾರ್ಡಿನ ಯಜಮಾನರದ್ದು ಒಂದೇ ಕಟ್ಟಳೆ. ಕ್ಯಾರವಾನ್ ಬೇಕು ಎಂದವರು ಮೊದಲು ಅದನ್ನು ಕಾರಿಗೆ ಕಟ್ಟಿ, ಹಿಂದಕ್ಕೆ ತಂದು, ಗೋಡೆಗೂ ಇನ್ನೊಂದು ಗಾಡಿಗೂ ನಡುವೆ ಸುಣ್ಣದಲ್ಲಿ ಬರೆದ ಚೌಕದೊಳಗೆ ನಿಲ್ಲಿಸಿ ತೋರಿಸಬೇಕು. ಆಗದಿದ್ದರೆ ಕ್ಯಾರವಾನ್ ಇಲ್ಲ.

ಕೋಣೆಯಷ್ಟು ಗಾಡಿ ಹಿಂದಿದ್ದಾಗ ಡ್ರೈವರಿಗೆ ಹಿಂದಿನದು ಏನು ಕಂಡೀತು? ಪಕ್ಕದ ಕನ್ನಡಿಯಲ್ಲಿ ಒಂದೇ ಒಂದು ಕಾಣುತ್ತದೆ. ಹಿಂದೆ ನಿಂತು ದಾರಿ ತೋರಿಸುವವರ ಕೈ.

ಆ ಕೈ ಅವಳದ್ದು. ಅದಕ್ಕೇ ಯಾರ್ಡಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ‘ಸಿಗ್ನಲಮ್ಮ’ ಎಂದು. ವಯಸ್ಸು ಮೂವತ್ತನಾಲ್ಕು. ಮದುವೆ ಇಲ್ಲ. ನಾಲಿಗೆ ಮಾತ್ರ ಒಣಮೆಣಸಿನಕಾಯಿ.

ಅವತ್ತು ಭಾನುವಾರ ಬೆಳಿಗ್ಗೆ...

“ಸ್ಟಾಪ್! ಸ್ಟಾಪ್ ಅಂದ್ನಲ್ಲ! ಕಿವಿ ಮನೇಲಿ ಬಿಟ್ಟು ಬಂದ್ರಾ?”

ಕ್ಯಾರವಾನಿನ ಬಾಲ ಗೋಡೆಗೆ ಒಂದು ಗೇಣು ದೂರದಲ್ಲಿ ನಿಂತಿತ್ತು. ಮೂರನೆಯ ಸಲ! ಕಾರಿನಿಂದ ಇಳಿದವನು ಎತ್ತರದ ಆಳು. ನಲವತ್ತರ ಹತ್ತಿರ. ಕೆನ್ನೆಗಿಂತ ಕಿವಿ ಹೆಚ್ಚು ಕೆಂಪಾಗಿತ್ತು.

“ಹದಿನಾಲ್ಕು ವರ್ಷ ಬಸ್ ಓಡಿಸಿದೀನಿ ಮೇಡಂ...”

“ಹಾಗಾದ್ರೆ ಬಸ್ಸಲ್ಲೇ ಹೋಗಿ ರಜೆಗೆ. ಟಿಕೆಟ್ಟೂ ಕೇಳಲ್ಲ.”

ಸುತ್ತ ನಿಂತಿದ್ದ ಗಿರಾಕಿಗಳು ಘೊಳ್ಳೆಂದು ನಕ್ಕರು. ಅವಳು ಬಿಡಲಿಲ್ಲ.

“ಬಸ್ ಓಡಿಸಿದ್ದೇ ನಿಮಗೆ ಮುಳುವು. ಇದು ಉಲ್ಟಾ. ನೀವು ಎಡಕ್ಕೆ ತಿರುಗಿಸಿದ್ರೆ ಇದು ಬಲಕ್ಕೆ ಹೋಗುತ್ತೆ. ಬಲಕ್ಕೆ ಅಂದ್ರೆ ಎಡಕ್ಕೆ ಹೋಗುತ್ತೆ.”

“ಓಹೋ... ಥೇಟ್ ನಮ್ಮಮ್ಮನ ಥರ.”

ಅವನು ಅದನ್ನು ನಗಿಸಲು ಹೇಳಿದ್ದಲ್ಲ. ತನಗೆ ತಾನೇ ಹೇಳಿಕೊಂಡಿದ್ದ. ಆದರೆ ಎಂಟು ವರ್ಷದಲ್ಲಿ ಗಿರಾಕಿಯ ಮುಂದೆ ಒಮ್ಮೆಯೂ ನಗದ ಸಿಗ್ನಲಮ್ಮ ಮುಖ ಆ ಕಡೆ ತಿರುಗಿಸಿಕೊಂಡಳು. ನಗು ಬಂದುಬಿಟ್ಟಿತ್ತು!

“ಸುಮ್ನೆ ಕ್ಯಾಂಪರ್ ವ್ಯಾನ್ ತಗೊಳ್ಳಿ,” ಎಂದಳು ಗಂಟಲು ಸರಿಮಾಡಿಕೊಂಡು. ಪಕ್ಕದಲ್ಲಿದ್ದ ಒಂದು ವ್ಯಾನಿನ ಬಾಗಿಲು ಸರಿಸಿ ತೋರಿಸಿದಳು. ಅವನು ಒಳಗೆ ಹೋದ, ಹಾಸಿಗೆಯ ಮೇಲೆ ಕೂತ, ಮುಂದೆ ನೋಡಿದ. ಮರುಕ್ಷಣ ಎದ್ದು ಹೊರಗೆ ಬಂದುಬಿಟ್ಟ.

“ಯಾಕೆ?”

“ಮಲಗಿದ್ರೂ ಸ್ಟೀರಿಂಗ್ ಕಾಣುತ್ತೆ. ಹದಿನಾಲ್ಕು ವರ್ಷ ಬೇರೆಯೋರನ್ನ ರಜೆಗೆ ಕರ್ಕೊಂಡು ಹೋಗಿ, ಅವರು ರೂಮಲ್ಲಿ ಮಲಗಿದಾಗ ನಾನು ಬಸ್ಸಲ್ಲೇ ಮಲಗಿದೀನಿ ಮೇಡಂ. ನನ್ನ ರಜೇಲಾದ್ರೂ ಅದು ಕಣ್ಣಿಗೆ ಬೀಳಬಾರದು. ಕ್ಯಾರವಾನೇ ಬೇಕು. ಕೊಕ್ಕೆ ಕಳಚಿಬಿಟ್ರೆ ಕಾರು ಬೇರೆ, ಮನೆ ಬೇರೆ.”

ಅವಳ ಬಾಯಿಂದ ಬಂದ ಮಾತು ಅವಳಿಗೇ ಅಚ್ಚರಿ ತಂದಿತು.

“ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ. ಗಿರಾಕಿಗಳು ಬರೋದು ಹತ್ತಕ್ಕೆ. ಕಲಿಸಿಕೊಡ್ತೀನಿ.”

ಅವನು ಬಂದ. ಮುಂದಿನ ಭಾನುವಾರ, ಅದರ ಮುಂದಿನ ಭಾನುವಾರ... ಫ್ಲಾಸ್ಕಿನಲ್ಲಿ ಟೀ ತರುತ್ತಿದ್ದ. ಎರಡು ಲೋಟ ತರುತ್ತಿದ್ದ.

“ಸ್ಟೀರಿಂಗನ್ನ ಮೇಲೆ ಹಿಡೀಬೇಡಿ, ಕೆಳಗೆ ಹಿಡೀರಿ. ನಿಮ್ಮ ಕೈ ಯಾವ ಕಡೆ ಹೋಗುತ್ತೋ ಬಾಲ ಆ ಕಡೆ ಹೋಗುತ್ತೆ.”

“ಅಷ್ಟೇನಾ?”

“ಅಷ್ಟೇ. ಮಿಕ್ಕಿದ್ದಕ್ಕೆ ನಾನಿದೀನಲ್ಲ. ನನ್ನ ಕೈ ನೋಡಿ, ಬೇರೇನೂ ನೋಡ್ಬೇಡಿ.”

“ಅದು ನನಗೆ ಕಷ್ಟ ಅಲ್ಲ ಬಿಡಿ,” ಎಂದ ಅವನು. “ಹಿಂದೆ ನಿಂತ ಕಂಡಕ್ಟರ್ ‘ರೈಟ್’ ಅಂದ್ರೆ ರೈಟ್. ತಿರುಗಿ ನೋಡೋ ಅಭ್ಯಾಸ ನನಗಿಲ್ಲ.”

ದಾರಿ ತೋರಿಸುವವರಿಗೂ ಒಂದು ನೇಮವಿದೆ. ಹೊಸಬರಿಗೆ ಅವಳೇ ಗದರಿಸಿ ಕಲಿಸುತ್ತಿದ್ದ ನೇಮ ಅದು. ಡ್ರೈವರ್ ಮುಖ ನೋಡಬಾರದು, ಜಾಗ ನೋಡಬೇಕು. ಕಣ್ಣು ಚಕ್ರದ ಮೇಲೆ, ಅಂಚಿನ ಮೇಲೆ, ಅಕ್ಕಪಕ್ಕದವರ ಮೇಲೆ.

ನಾಲ್ಕನೆಯ ಭಾನುವಾರದ ಹೊತ್ತಿಗೆ ಅವಳು ಕನ್ನಡಿಯಲ್ಲಿ ಅವನ ಮುಖ ನೋಡತೊಡಗಿದ್ದಳು.

ಐದನೆಯ ಭಾನುವಾರ ಅವನು ಒಂದೇ ಸಲಕ್ಕೆ ಚೌಕದೊಳಗೆ ನಿಲ್ಲಿಸಿದ. ಇಳಿದು ಬಂದು, ಶಾಲೆಯಲ್ಲಿ ಪಾಸಾದ ಹುಡುಗನ ಹಾಗೆ ನಿಂತ. ಅವತ್ತೇ ಆ ಹಳೆಯ ಬಿಳಿ ಕ್ಯಾರವಾನಿಗೆ ಮುಂಗಡ ಕೊಟ್ಟ. ಒಳಗೆಲ್ಲ ಓಡಾಡಿ ಕೇಳಿದ.

“ಈ ಹಾಸಿಗೆ ಇಬ್ಬರಿಗೆ ಸಾಕಾಗುತ್ತಾ?”

ಅವಳು ಹಾಸಿಗೆಯ ಸುಕ್ಕು ಸವರಿದಳು.

“ಸಾಕು... ಜಗಳ ಆಡದೇ ಇದ್ರೆ.”

“ಆಡಿದ್ರೆ?”

“ಆಗ ಇನ್ನೂ ಸಾಕು. ಒಬ್ಬರು ಹೊರಗಿರ್ತಾರೆ.”

ಅವನು ನಕ್ಕ. ನಗು ನಿಲ್ಲಿಸಿ ಕಿಟಕಿ ನೋಡಿದ. “ಪರದೆ ಯಾವ ಬಣ್ಣ ಹಾಕಿಸ್ಲಿ? ನೀವೇ ಹೇಳಿ.”

“ನಾನಾ?”

“ನನಗೆ ಬಣ್ಣ ಗೊತ್ತಾಗಲ್ಲ. ನೀವು ಹೇಳಿದ್ದೇ ಇರ್ಲಿ.”

‘ನಾನು ಹೇಳಿದ್ದೇ ಇರಲಿ ಅಂದ... ಇಬ್ಬರಿಗೆ ಸಾಕಾಗುತ್ತಾ ಅಂತ ನನ್ನನ್ನೇ ಕೇಳಿದ... ಇನ್ನೇನು ಬಾಯಿಬಿಟ್ಟು ಹೇಳಬೇಕಾ?’

ಅವಳು ಸಾಸಿವೆ ಹೂವಿನ ಹಳದಿ ಆರಿಸಿದಳು. ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದ ಅಕ್ಕನೇ ಆ ಪರದೆ ಹೊಲಿದುಕೊಟ್ಟಳು. ಕೂಲಿ ಕೊಡಲು ಹೋದರೆ ಕೈ ತಳ್ಳಿದಳು.

“ನಮ್ಮ ಹುಡುಗನ ಗಾಡಿಗೆ ಕೂಲಿ ಇಸ್ಕೊಳ್ತಾರೇನೇ ಹುಚ್ಚಿ?”

ಆರನೆಯ ಭಾನುವಾರ ಪರದೆ ಏರಿಸಿದರು. ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಅವಳು. ಅವನೇನೋ ಹೇಳಲು ಬಾಯಿ ತೆರೆದ. ಮುಚ್ಚಿದ.

“ಏನು?”

“ಏನಿಲ್ಲ... ಮುಂದಿನ ವಾರ ಹೇಳ್ತೀನಿ.”

ಆ ವಾರವೆಲ್ಲ ಅವಳ ಕಾಲು ನೆಲದ ಮೇಲಿರಲಿಲ್ಲ.

ಏಳನೆಯ ಭಾನುವಾರ ಅವನು ಏಳಕ್ಕೆ ಬರಲಿಲ್ಲ. ಹನ್ನೊಂದಕ್ಕೆ ಬಂದ. ಒಬ್ಬನೇ ಬರಲಿಲ್ಲ.

ಜೊತೆಗಿದ್ದವಳು ತೆಳ್ಳಗಿನ ಹೆಂಗಸು. ಇಸ್ತ್ರಿ ಮಾಡಿದ ತಿಳಿನೀಲಿ ಬಟ್ಟೆ. ಅವಳ ಹಿಂದೆ, ತೋಳು ಮಡಚಿದ ಅಂಗಿ ತೊಟ್ಟ ಒಬ್ಬ ಗಂಡಸು.

“ಇವರು...” ಎಂದು ಬಸ್ ಡ್ರೈವರ್ ತಡವರಿಸಿದ.

ಮಾತು ಮುಗಿಸಿದವನು ಆ ಗಂಡಸು. “ನಮ್ಮಕ್ಕ. ಮುಂದಿನ ತಿಂಗಳು ಇವರಿಬ್ಬರ ಮದುವೆ. ನಾನು ಇವರ ಭಾಮೈದ, ವಿಮೆ ಕಂಪನೀಲಿ ಇದ್ದೀನಿ. ಮುರಿದ ಗಾಡಿ ನೋಡೋದೇ ನನ್ನ ಕೆಲಸ. ಅದಕ್ಕೇ ಮುರಿಯೋ ಮುಂಚೆ ಒಂದು ನೋಡೋಣ ಅಂತ ಬಂದೆ!”

ತನ್ನ ಮಾತಿಗೆ ತಾನೇ ನಕ್ಕ. ಬೇರಾರೂ ನಗಲಿಲ್ಲ.

‘ಮುಂದಿನ ತಿಂಗಳು...’ ಅವಳು ಅವನ ಮುಖ ನೋಡಿದಳು. ಅವನು ತನ್ನ ಚಪ್ಪಲಿ ನೋಡುತ್ತಿದ್ದ.

ಮದುವೆಯ ಹೆಣ್ಣು ಒಂದು ಔಷಧಿ ಅಂಗಡಿಯ ಒಡತಿ. ಕ್ಯಾರವಾನಿನೊಳಗೆ ಹೋಗಿ ಪರದೆ ಮುಟ್ಟಿ ನೋಡಿದಳು.

“ಬಣ್ಣ ತುಂಬಾ ಚೆನ್ನಾಗಿದೆ. ಯಾರು ಆರಿಸಿದ್ದು?”

ಡ್ರೈವರ್ ಕೆಮ್ಮಿದ.

“ನಾನು,” ಎಂದಳು ಸಿಗ್ನಲಮ್ಮ. “ಗಿರಾಕಿಗಳಿಗೆ ಆರಿಸಿಕೊಡೋದು ನನ್ನ ಕೆಲಸ.”

ಔಷಧಿ ಅಂಗಡಿಯವಳು ಅವಳನ್ನೊಮ್ಮೆ ನೋಡಿದಳು. ಆಮೇಲೆ ಅವನನ್ನು ನೋಡಿದಳು. ಹೊರಗೆ ಬಂದು ಪಕ್ಕದ ಕ್ಯಾಂಪರ್ ವ್ಯಾನಿನ ಬಾಗಿಲಲ್ಲಿ ಕೂತಳು.

“ನನಗೆ ಇದೇ ಇಷ್ಟ ರೀ,” ಎಂದಳು ಮೆಲ್ಲಗೆ. “ದಿನಕ್ಕೆ ಹತ್ತು ಗಂಟೆ ನಿಂತಿರ್ತೀನಿ. ಹತ್ತಿ ಕೂತ್ರೆ ಊರು ಬರೋವರೆಗೂ ಇಳೀಬಾರದು ಅನಿಸುತ್ತೆ. ಅದೂ ಅಲ್ದೆ, ಹಿಂದೆ ಏನೋ ಕಟ್ಕೊಂಡು ಬರ್ತಿದೀವಿ ಅಂದ್ರೆ ನನಗೆ ನೆಮ್ಮದಿ ಇರಲ್ಲ.”

“ಮುಂಗಡ ಕೊಟ್ಟಾಗಿದೆ...” ಎಂದ ಅವನು.

“ಬದಲಾಯಿಸಿಕೊಡ್ತಾರೆ. ಕೇಳಿದೀನಿ,” ಎಂದ ಭಾಮೈದ. “ನೋಡಿ ಭಾವ, ಮನೇಲಿ ಮೊದಲನೇ ಮಾತು ಯಾರದು ನಡೆಯುತ್ತೋ ಕೊನೇ ಮಾತೂ ಅವರದೇ ನಡೆಯುತ್ತೆ. ಅದಕ್ಕೆ ಪಂದ್ಯ ಇಟ್ಬಿಡೋಣ. ಒಂದೇ ಸಲಕ್ಕೆ ನಿಲ್ಲಿಸಿ. ನಿಲ್ಲಿಸಿದ್ರೆ ಕ್ಯಾರವಾನ್, ಅಕ್ಕ ತುಟಿ ಬಿಚ್ಚಲ್ಲ. ಗೆರೆ ದಾಟಿದ್ರೆ ಕ್ಯಾಂಪರ್ ವ್ಯಾನ್, ನೀವು ತುಟಿ ಬಿಚ್ಚಬಾರದು. ಏನಂತೀರಿ? ಬಸ್ ಓಡಿಸೋ ಗಂಡು!”

ಅವನು ಕ್ಯಾರವಾನನ್ನು ಕಾರಿಗೆ ಕಟ್ಟಿ, ಕಾರು ಹತ್ತಿ, ಚೌಕದ ಮುಂದಕ್ಕೆ ತಂದು ನಿಲ್ಲಿಸಿದ. ಅವಳು ಹೋಗಿ ಹಿಂದೆ ನಿಂತಳು.

ಗೋಡೆ ಬಲಕ್ಕೆ. ಎಡಕ್ಕೆ ಆ ಕ್ಯಾಂಪರ್ ವ್ಯಾನ್. ನಡುವೆ ಸುಣ್ಣದ ಚೌಕ.

ಅವಳು ಕೈ ಎತ್ತಿದಳು. ಗಾಡಿ ಹಿಂದಕ್ಕೆ ಬಂತು. ಎಷ್ಟು ಚೆನ್ನಾಗಿ ಬಂತು! ನೂಲು ಹಿಡಿದ ಹಾಗೆ. ಅರ್ಧ ಒಳಗೆ ಸೇರಿತು.

‘ನಾನು ಕಲಿಸಿದ್ದು... ನಾನು ಕಲಿಸಿದ್ದನ್ನ ಅವಳಿಗೆ ತೋರಿಸ್ತಾ ಇದ್ದಾನೆ. ನನ್ನಕ್ಕ ಹೊಲಿದ ಪರದೆ ಹಿಂದೆ ಇವರಿಬ್ಬರೂ ಮಲಗ್ತಾರೆ. ಒಂದು ಭಾನುವಾರ ಹೇಳಬಹುದಿತ್ತು. ಒಂದೇ ಒಂದು ಭಾನುವಾರ! ಸುಳ್ಳು ಹೇಳದೇ ಮೋಸ ಮಾಡೋದನ್ನ ಇವನಿಗೆ ಯಾರು ಕಲಿಸಿದ್ರು?’

ಕನ್ನಡಿಯಲ್ಲಿ ಅವನ ಮುಖ ಕಂಡಿತು. ಎರಡು ಕಣ್ಣೂ ಅವಳ ಕೈಯ ಮೇಲೆ.

‘ಒಂದು ಸಲ ಎಲ್ಲರ ಮುಂದೆ ನಿನ್ನ ಮಾನ ಹೋಗಲಿ. ನನ್ನದು ಹೋಗಲಿಲ್ಲವಾ?’

ಗಾಡಿ ನೇರ ಬರಬೇಕಿತ್ತು. ಅವಳು ಅಂಗೈ ಬಿಡಿಸಿ ಎಡಕ್ಕೆ ತೋರಿಸಿದಳು.

ಗಾಡಿ ಒಂದು ಉಸಿರಿನಷ್ಟು ಹೊತ್ತು ನಿಂತಿತು. ಆಮೇಲೆ ಚಕ್ರ ತಿರುಗಿತು.

ತಗಡು ತಗಡಿಗೆ ಗುದ್ದಿದ ಸದ್ದು ಮೊದಲು ಬಂತು. ಚೀತ್ಕಾರ ಆಮೇಲೆ.

ಕ್ಯಾಂಪರ್ ವ್ಯಾನಿನ ಬಾಗಿಲಂಚನ್ನು ಹಿಡಿದು ಕೂತಿದ್ದವಳ ಬಲಗೈ ಬೆರಳುಗಳು ಆ ಎರಡು ತಗಡುಗಳ ನಡುವೆ ಇದ್ದವು.

ಮುಂದಿನದೆಲ್ಲ ಗದ್ದಲ. ಭಾಮೈದನ ಕೂಗಾಟ, ನೀರು, ಬಟ್ಟೆ, ರಕ್ತ, ಆಸ್ಪತ್ರೆ. ಹೋಗುವ ಮುನ್ನ ಭಾಮೈದ ಡ್ರೈವರಿನ ಕೊರಳಪಟ್ಟಿ ಹಿಡಿದು ಜಗ್ಗಿದ.

“ಕುರುಡನಾ ನೀನು? ನಿನ್ನಂಥೋನ ಕೈಗೆ ನಮ್ಮಕ್ಕನ್ನ ಕೊಡ್ತಿದ್ವಲ್ಲ ಥೂ!”

“ತಪ್ಪು ನನ್ನದೇ,” ಎಂದ ಅವನು.

ಯಜಮಾನರು ಅವಳನ್ನು ಪಕ್ಕಕ್ಕೆ ಕರೆದು ಕೇಳಿದರು. “ನೀನು ಸರಿಯಾಗೇ ತೋರಿಸಿದೆ ತಾನೇ ಮಗಳೇ?”

ಅವಳು ಸುಣ್ಣದ ಗೆರೆ ನೋಡುತ್ತಾ ಹೇಳಿದಳು.

“ಸರಿಯಾಗೇ ತೋರಿಸಿದೆ.”

ಮದುವೆ ಮುರಿಯಿತು. ಭಾಮೈದ ಬಸ್ ಡಿಪೋಗೆ ದೂರು ಬರೆದ. ಡಿಪೋದವರು ಅವನನ್ನು ಸ್ಟೀರಿಂಗಿನಿಂದ ಇಳಿಸಿ ವಿಚಾರಣೆಯ ಕಿಟಕಿಯಲ್ಲಿ ಕೂರಿಸಿದರು. ಯಾರ್ಡಿನಲ್ಲಿ ಎಲ್ಲರೂ ಸಿಗ್ನಲಮ್ಮನನ್ನು ಸಮಾಧಾನ ಮಾಡುವವರೇ. “ಪಾಪ, ನೀನೇನು ಮಾಡ್ತೀಯ? ನೀನು ಒಂದು ತೋರಿಸಿದ್ರೆ ಅವನು ಒಂದು ತಿರುಗಿಸಿದ.”

ಹದಿನೆಂಟು ದಿನ ಹೇಗೋ ನುಂಗಿದಳು. ಹತ್ತೊಂಬತ್ತನೆಯ ದಿನ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಚುಚ್ಚಿದಳು.

“ಕಂಡೋರ ಹೆಂಡತಿಗೆ ಪರದೆ ಆರಿಸಿಕೊಟ್ಟ ಮಹಾತಾಯಿ! ಬಿಡು, ದೇವರೇ ಅವನಿಗೆ ತೋರಿಸಿದ.”

“ದೇವರಲ್ಲ ಅಕ್ಕ... ನಾನು ತೋರಿಸಿದ್ದು.”

ಯಂತ್ರ ನಿಂತಿತು. ಅವಳು ಎಲ್ಲವನ್ನೂ ಹೇಳಿದಳು. ಅಕ್ಕ ಎದ್ದು ಬಂದು ತಬ್ಬಿಕೊಳ್ಳುತ್ತಾಳೆ ಎಂದು ಅವಳ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು.

ಅಕ್ಕ ಏಳಲಿಲ್ಲ.

“ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ ಅಂತಾರೆ. ನಿನ್ನ ಹೊಟ್ಟೆಕಿಚ್ಚಿಗೆ ಕೈ ಬೇರೆ ಇತ್ತು ಕಣೇ. ಆ ಹೆಂಗಸು ನಿನಗೇನು ಮಾಡಿದ್ಲು? ಪರದೆ ಚೆನ್ನಾಗಿದೆ ಅಂದ್ಲು, ಅಷ್ಟೇ ತಾನೇ? ಹೋಗು. ನನ್ನ ಮುಂದೆ ಅತ್ತರೆ ಏನು ಬಂತು? ಯಾರ ಮುಂದೆ ಅಳಬೇಕೋ ಅಲ್ಲಿ ಹೋಗಿ ಅಳು.”

ಔಷಧಿ ಅಂಗಡಿಯಲ್ಲಿ ಮಧ್ಯಾಹ್ನ ಜನ ಇರಲಿಲ್ಲ. ಒಡತಿ ಕೌಂಟರಿನ ಹಿಂದೆ ನಿಂತು ಮಾತ್ರೆಯ ಹಾಳೆ ಕತ್ತರಿಸುತ್ತಿದ್ದಳು. ಎಡಗೈಯಲ್ಲಿ. ಕತ್ತರಿ ಮಾತು ಕೇಳುತ್ತಿರಲಿಲ್ಲ. ಬಲಗೈಯ ತೋರುಬೆರಳು, ನಡುಬೆರಳು ಎರಡೂ ಕಡ್ಡಿಯ ಹಾಗೆ ನೆಟ್ಟಗಿದ್ದವು.

“ಏನು ಬೇಕು?” ಎಂದವಳು ತಲೆ ಎತ್ತಿ ಗುರುತು ಹಿಡಿದಳು. “ಓ... ನೀವಾ.”

“ಆವತ್ತು... ನಾನು ಬೇಕಂತಲೇ ತಪ್ಪು ತೋರಿಸಿದೆ.”

ಒಡತಿ ಕತ್ತರಿ ಕೆಳಗಿಟ್ಟಳು.

“ಆಸ್ಪತ್ರೇಲಿ ಮಲಗಿದ್ದಾಗ ಒಂದೇ ಯೋಚನೆ ಬರ್ತಿತ್ತು,” ಎಂದಳು. “ಪರದೆ ಯಾರು ಆರಿಸಿದ್ದು ಅಂತ ಕೇಳಿದಾಗ ನೀವು ಉತ್ತರ ಕೊಟ್ಟ ಧಾಟಿ. ಆಗಲೇ ಎದ್ದು ಮನೆಗೆ ಹೋಗಬೇಕಿತ್ತು ನಾನು. ಅವರು ನನ್ನನ್ನ ಒಂದು ದಿನವೂ ಬಣ್ಣ ಕೇಳಿರ್ಲಿಲ್ಲ.”

“ನನ್ನನ್ನ ಕ್ಷಮಿಸಿ...”

“ಕ್ಷಮೆ ಕೇಳೋಕೆ ಬಂದ್ರಾ, ಹಗುರ ಮಾಡ್ಕೊಳ್ಳೋಕೆ ಬಂದ್ರಾ?”

ಒಡತಿ ಬಲಗೈ ಎತ್ತಿ ಅವಳ ಮುಂದೆ ಹಿಡಿದಳು.

“ಇಪ್ಪತ್ತು ವರ್ಷ ಈ ಬೆರಳಲ್ಲಿ ಮಾತ್ರೆ ಎಣಿಸಿದೀನಿ. ಈಗ ಅಂಗಿ ಗುಂಡಿ ಹಾಕೋಕೆ ತಮ್ಮನ ಹೆಂಡತಿ ಬರಬೇಕು. ನಾನು ಕ್ಷಮಿಸಲ್ಲ. ಸುಮ್ನೆ ಬಾಯಿಮಾತಿಗೂ ಕ್ಷಮಿಸಲ್ಲ. ಅಳ್ತೀರಾ? ಹೊರಗೆ ಹೋಗಿ ಅಳಿ, ಇಲ್ಲಿ ಗಿರಾಕಿಗಳು ಬರ್ತಾರೆ. ನನಗೆ ಹೇಳಿದ್ದನ್ನ ನಿಮ್ಮ ಯಜಮಾನರಿಗೂ ಡಿಪೋಗೂ ಬರೆದುಕೊಡಿ. ಮಾಡದ ತಪ್ಪಿಗೆ ಒಬ್ಬ ಕಿಟಕೀಲಿ ಕೂತಿದ್ದಾನಂತೆ.”

ಅವಳು ಬರೆದುಕೊಟ್ಟಳು.

ಯಜಮಾನರು ಕಾಗದ ಓದಿ ಕನ್ನಡಕ ತೆಗೆದರು. “ಮಗಳೇ ಅಂತಿದ್ದೆನಲ್ಲೇ,” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವತ್ತೇ ಸಂಜೆ ಅವಳ ಲೆಕ್ಕ ಚುಕ್ತಾ. ಬೇರೆ ಯಾರ್ಡುಗಳಿಗೂ ಸುದ್ದಿ ಮುಟ್ಟಿತ್ತು. ತಪ್ಪು ದಾರಿ ತೋರಿಸಿದ ಕೈಗೆ ಯಾರು ಕೆಲಸ ಕೊಡುತ್ತಾರೆ? ಕೊನೆಗೆ ಒಂದು ವಾಹನ ನಿಲುಗಡೆಯ ಬಾಗಿಲ ಬಳಿ, ಮಂಚದಷ್ಟು ಅಗಲದ ಗೂಡಿನಲ್ಲಿ ಕೂತು ಚೀಟಿ ಹರಿದುಕೊಡುವ ಕೆಲಸ ಸಿಕ್ಕಿತು.

ಡಿಪೋದವರು ಅವನಿಗೆ ಬಸ್ ವಾಪಸ್ ಕೊಟ್ಟರು.

ಅವನು ಬರಲಿಲ್ಲ. ಒಂದು ವಾರ, ಎರಡು ವಾರ, ಒಂದು ತಿಂಗಳು... ‘ಯಾಕೆ ಬರ್ತಾನೆ? ಅವನ ಮದುವೆ ಮುರಿದವಳು ನಾನು. ಮುಖ ನೋಡದೇ ಇರೋದೇ ಅವನು ಮಾಡೋ ಉಪಕಾರ.’ ಹಾಗೆಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆದರೆ ಪ್ರತಿ ಎತ್ತರದ ಆಳು ಕಂಡಾಗಲೂ ಚೀಟಿ ಹರಿಯುವ ಕೈ ನಿಲ್ಲುತ್ತಿತ್ತು.

ಒಂದು ಮಂಗಳವಾರ ಮಧ್ಯಾಹ್ನ ಒಂದು ಹಳೆಯ ಕಾರು ಬಂದು ಗೂಡಿನ ಮುಂದೆ ನಿಂತಿತು. ಅವಳು ತಲೆ ಎತ್ತದೆ ಚೀಟಿ ಚಾಚಿದಳು. ಯಾರೂ ತೆಗೆದುಕೊಳ್ಳಲಿಲ್ಲ.

“ನಿನ್ನ ಕೈ ತಪ್ಪು ತೋರಿಸ್ತಿದೆ ಅಂತ ನನಗೆ ಗೊತ್ತಿತ್ತು.”

ಅವಳು ತಲೆ ಎತ್ತಿದಳು. ಅವನು ಸೊರಗಿದ್ದ.

“ಏನಂದ್ರಿ?”

“ಆವತ್ತು. ಗೊತ್ತಿದ್ದೂ ತಿರುಗಿಸಿದೆ.”

ಹಿಂದಿನ ಕಾರಿನವನು ಹಾರನ್ ಹೊಡೆದ. “ಏನ್ರೀ, ಮದುವೆ ಮಾತುಕತೆನಾ ಅಲ್ಲಿ? ಮುಂದೆ ಹೋಗ್ರಿ!”

“ಚೀಟಿ ತಗೊಂಡು ಮುಂದೆ ಹೋಗಿ,” ಎಂದಳು. “ನಾಲ್ಕು ಗಂಟೆಗೆ ನನ್ನ ಪಾಳಿ ಮುಗಿಯುತ್ತೆ.”

ನಾಲ್ಕಕ್ಕೆ ಅವರು ನಿಲುಗಡೆಯ ಮೋಟು ಗೋಡೆಯ ಮೇಲೆ ಕೂತರು. ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ.

“ಹೇಳಿ.”

“ಅಮ್ಮ ಮಾತು ಕೊಟ್ಟುಬಿಟ್ಟಿದ್ಲು. ನಿನ್ನನ್ನ ನೋಡೋ ಮುಂಚೇನೇ. ಪ್ರತಿ ಭಾನುವಾರ ಹೇಳಬೇಕು ಅಂತ ಬರ್ತಿದ್ದೆ, ಟೀ ಕುಡಿದು ಹೋಗ್ತಿದ್ದೆ. ಅಲ್ಲೂ ಬೇಡ ಅನ್ನೋಕೆ ಧೈರ್ಯ ಇರ್ಲಿಲ್ಲ, ಇಲ್ಲೂ ಬೇಕು ಅನ್ನೋಕೆ ಧೈರ್ಯ ಇರ್ಲಿಲ್ಲ. ಆವತ್ತು ನಿನ್ನ ಕೈ ಎಡಕ್ಕೆ ಹೋಯ್ತು. ಇದು ತಪ್ಪು ಅಂತ ಆ ಕ್ಷಣಾನೇ ಗೊತ್ತಾಯ್ತು. ನೀನೇ ಕಲಿಸಿದ್ದಲ್ವಾ? ಬ್ರೇಕ್ ತುಳಿದೆ. ಆಮೇಲೆ ಅನಿಸ್ತು... ಗುದ್ದಿದ್ರೆ ಗುದ್ದಿಕೊಳ್ಳಲಿ. ಭಾಮೈದ ಬೈತಾನೆ, ಗಂಡು ಬೇಡ ಅಂತ ಅವರೇ ಎದ್ದು ಹೋಗ್ತಾರೆ. ನನ್ನ ಬಾಯಿಂದ ಆಡಬೇಕಾದ ಮಾತನ್ನ ಗಾಡಿ ಆಡಿಬಿಡುತ್ತೆ ಅಂತ.”

“ಹೇಡಿ.”

“ಹೌದು.”

“ನಾನು ಬರೆದುಕೊಟ್ಟೆ. ಕೆಲಸ ಹೋಯ್ತು. ಊರೆಲ್ಲ ಉಗೀತು. ನನ್ನ ಕಾಗದದ ಮೇಲೆ ನೀವು ತಿಂಗಳುಗಟ್ಟಲೆ ಬಸ್ ಓಡಿಸಿದ್ರಿ!”

“ಮೂವತ್ತಾರು ದಿನ.”

ಅವಳು ಎದ್ದು ಅವನ ಕೆನ್ನೆಗೆ ಬಾರಿಸಿದಳು. ಕಾರಿನ ಬಳಿ ನಿಂತಿದ್ದ ಯಾರೋ ತಿರುಗಿ ನೋಡಿದರು. ಅವನು ಅಲುಗಲಿಲ್ಲ.

“ಅವರ ಕೈ... ಅಲ್ಲಿತ್ತು ಅಂತ...?”

“ಕಾಣಲಿಲ್ಲ. ನಾನು ನಿನ್ನ ಕೈ ಬಿಟ್ಟು ಬೇರೇನೂ ನೋಡ್ತಿರ್ಲಿಲ್ಲ.”

“ನಾನು ನಿಮ್ಮ ಮುಖ ಬಿಟ್ಟು ಬೇರೇನೂ ನೋಡ್ತಿರ್ಲಿಲ್ಲ.”

ಬೇರೆ ಯಾರಾದರೂ ಬೇರೆಲ್ಲಾದರೂ ಆಡಿದ್ದರೆ ಇವು ಪ್ರೀತಿಯ ಮಾತುಗಳಾಗುತ್ತಿದ್ದವು. ಇಬ್ಬರಿಗೂ ಅದು ಹೊಳೆಯಿತು. ಇಬ್ಬರೂ ನೆಲ ನೋಡಿದರು.

“ಇದನ್ನ ಅವರಿಗೆ ಹೇಳದೇ ನನ್ನ ಹತ್ರ ಬಂದಿದ್ರೆ ಈಗಲೇ ಎದ್ದು ಹೋಗಿ,” ಎಂದಳು ಕೊನೆಗೆ.

“ಬೆಳಿಗ್ಗೆ ಅಲ್ಲಿಗೇ ಹೋಗಿದ್ದೆ. ಅಲ್ಲಿಂದ ಡಿಪೋಗೆ. ಬರೆದುಕೊಟ್ಟೆ. ಬೀಗದ ಕೈ ಇಸ್ಕೊಂಡ್ರು. ಇನ್ನು ಬಸ್ ಕೊಡಲ್ಲ.”

“ಅವರು... ಏನಂದ್ರು?”

“ಪೂರ್ತಿ ಕೇಳಿದ್ರು. ಆಮೇಲೆ ಹೇಳಿದ್ರು... ‘ಇಬ್ಬರೂ ಬೇಗ ಮದುವೆ ಆಗಿ. ನಿಮಗೆ ನಿಮ್ಮಂಥೋರೇ ಸರಿ. ಇನ್ನೊಂದು ಮನೆ ಉಳಿಯುತ್ತೆ.’”

ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂದವು. ಅವನು ಕರವಸ್ತ್ರ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತೆಗೆದುಕೊಂಡಳು.

ಮದುವೆ ಕಚೇರಿಯಲ್ಲಿ ನಡೆಯಿತು. ಸಾಕ್ಷಿಗೆ ಅಕ್ಕ ಬಂದಳು, ಸಹಿ ಹಾಕಿದಳು, ಹರಸಲಿಲ್ಲ. ಅವನ ಅಮ್ಮ ಬರಲೇ ಇಲ್ಲ.

ಮೂರನೆಯ ವರ್ಷ, ಬಟ್ಟೆ ಒಗೆಯುವ ಕಂಪನಿಯ ಟೆಂಪೋ ಓಡಿಸಿ ಕೂಡಿಸಿದ ಸಂಬಳದಲ್ಲಿ, ಹತ್ತು ದಿನ ಎಲ್ಲಾದರೂ ಹೋಗಿಬರೋಣ ಎಂದ. ಬಾಡಿಗೆ ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿದ.

“ಕ್ಯಾರವಾನಾ, ಕ್ಯಾಂಪರ್ ವ್ಯಾನಾ? ನೀನೇ ಹೇಳು.”

“ನಾನು ಇನ್ಮೇಲೆ ಯಾವ ಗಾಡಿ ಹಿಂದೆನೂ ನಿಲ್ಲಲ್ಲ.”

ಅವನು ಕ್ಯಾರವಾನಿನ ಪುಟ ಮಡಚಿಟ್ಟ.

“ಪಕ್ಕದಲ್ಲಿ ಕೂರ್ತೀಯಾ?”

“ಕೂರ್ತೀನಿ.”

“ಮಾತಾಡ್ತೀಯಾ?”

“ನೀವು ಮೊದಲು ಮಾತಾಡೋದಾದ್ರೆ... ಮಾತಾಡ್ತೀನಿ.”

ಅವನು ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

ಅವಳಿಗೆ ಬೇಕಾದವನು ಸಿಕ್ಕಿದ, ಅವನಿಗೆ ಬೇಕಾದವಳು ಸಿಕ್ಕಿದಳು. ಅವಳ ಎಂಟು ವರ್ಷದ ಕೆಲಸ ಹೋಯಿತು, ಅವನ ಹದಿನಾಲ್ಕು ವರ್ಷದ ಬಸ್ಸು ಹೋಯಿತು. ಔಷಧಿ ಅಂಗಡಿಯವಳಿಗೆ ಏನೂ ಸಿಗಲಿಲ್ಲ. ಅವಳ ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.